ದಂಡು ಪ್ರದೇಶದಲ್ಲೊಂದು ಐರಿಷ್ ಹೆಸರು

ಕರಾವಳಿಯಿಂದ ಬಂದು ಬೆಂಗಳೂರಿನ ಕಮ್ಮನಹಳ್ಳಿ, ಲಿಂಗರಾಜಪುರದ ಸುತ್ತಮುತ್ತ ನೆಲೆಸಿರುವ ನಾವು ದಂಡು ಪ್ರದೇಶದ ಇಂಗ್ಲಿಷ್ ಬೀದಿ ಹೆಸರುಗಳಿಗೆ ಒಗ್ಗಿಹೋಗಿದ್ದೇವೆ. ರಿಚ್ಮಂಡ್ ಟೌನಿನ ವೆಲ್ಲಿಂಗ್ಟನ್ ಸ್ಟ್ರೀಟ್ ಅವುಗಳಲ್ಲೊಂದು. ವೆಲ್ಲಿಂಗ್ಟನ್ ಯಾರು? ಕಥೋಲಿಕರಾದ ನಮಗೂ ಅವರಿಗೂ ಏನು ನಂಟು?

ಅವರ ನಿಜ ಹೆಸರು ಆರ್ಥರ್ ವೆಲ್ಲೆಸ್ಲಿ. 1769ರಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ಜನನ. ತಂದೆ ಮಾರ್ನಿಂಗ್ಟನ್ ಪ್ರಭು, ಡಬ್ಲಿನ್ ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರಾಧ್ಯಾಪಕ. ಮನೆತನ ಪ್ರೊಟೆಸ್ಟೆಂಟ್, ಸುತ್ತಲಿನ ರೈತಾಪಿ ಜನರು ಬಹುತೇಕ ಕಥೋಲಿಕರು. 1790ರಲ್ಲಿ ಆರ್ಥರ್ ಐರಿಷ್ ಸಂಸತ್ತಿನ ಸದಸ್ಯರಾದರು. ಕಿಟ್ಟಿ ಪಾಕನ್‌ಹ್ಯಾಮ್ ಎಂಬ ಯುವತಿಯನ್ನು ಮದುವೆಗೆ ಕೇಳಿದಾಗ ಆಕೆಯ ಮನೆಯವರು ಒಪ್ಪಲಿಲ್ಲ. ಭಾರತದಿಂದ ಮರಳಿದ ಬಳಿಕ, 1806ರಲ್ಲಿ, ಆಕೆಯನ್ನೇ ವರಿಸಿದರು. ಇಬ್ಬರು ಗಂಡುಮಕ್ಕಳಾದರು.

ಅಣ್ಣ ರಿಚರ್ಡ್ 1798ರಲ್ಲಿ ಭಾರತದ ಗವರ್ನರ್ ಜನರಲ್ ಆದರು. ಮರುವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಆರ್ಥರ್ ಆ ಸೈನ್ಯದಲ್ಲಿದ್ದರು. ಪಟ್ಟಣದ ಆಡಳಿತವೂ ಅವರ ಕೈಸೇರಿತು. 1784ರಲ್ಲಿ ಟಿಪ್ಪು ಸೆರೆಹಿಡಿದು ಒಯ್ದಿದ್ದ ಕರಾವಳಿ ಕಥೋಲಿಕರಲ್ಲಿ ಉಳಿದವರು ಊರಿಗೆ ಮರಳಿದ್ದು ಈ ಪತನದ ನಂತರವೇ. ಆದರೆ ಕಂಪನಿ ಯುದ್ಧ ಮಾಡಿದ್ದು ಅವರಿಗಾಗಿ ಅಲ್ಲ, ತನ್ನ ರಾಜ್ಯಕ್ಕಾಗಿ. ಕೆನರಾ ಜಿಲ್ಲೆಯೂ ಕಂಪನಿಯ ಪಾಲಾಯಿತು. ಶ್ರೀರಂಗಪಟ್ಟಣದ ಪಡೆ 1809ರಲ್ಲಿ ಬೆಂಗಳೂರಿಗೆ ಬಂದು ನಮ್ಮ ದಂಡು ಪ್ರದೇಶ ಹುಟ್ಟಿತು.

1815ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ವೆಲ್ಲಿಂಗ್ಟನ್ 1828ರಲ್ಲಿ ಬ್ರಿಟನ್ನಿನ ಪ್ರಧಾನಮಂತ್ರಿಯಾದರು. ಆಗ ಕಥೋಲಿಕರು ಸಂಸತ್ತಿನಲ್ಲಿ ಕೂರುವಂತಿರಲಿಲ್ಲ. ತಮ್ಮ ವಿಶ್ವಾಸಕ್ಕೆ ವಿರುದ್ಧವಾದ ಪ್ರಮಾಣ ಸ್ವೀಕರಿಸಬೇಕಿತ್ತು. ಐರ್ಲೆಂಡಿನ ವಕೀಲ ಡೇನಿಯಲ್ ಓ'ಕಾನೆಲ್ ಬಡವರಿಂದ ತಿಂಗಳಿಗೊಂದು ಪೆನ್ನಿ ಸಂಗ್ರಹಿಸಿ ಚಳವಳಿ ಕಟ್ಟಿದರು. ಅದೇ ವರ್ಷ ಕ್ಲೇರ್ ಚುನಾವಣೆಯಲ್ಲಿ ಗೆದ್ದೂ ಬಿಟ್ಟರು.

ಈ ವಿಷಯದಲ್ಲಿ ವೆಲ್ಲೆಸ್ಲಿ ಮನೆಯಲ್ಲೇ ಒಮ್ಮತವಿರಲಿಲ್ಲ. ಐರ್ಲೆಂಡಿನಲ್ಲಿ ರಾಜಪ್ರತಿನಿಧಿಯಾಗಿದ್ದ ರಿಚರ್ಡ್ ಕಥೋಲಿಕರ ಹಕ್ಕಿನ ಪರ. 1825ರಲ್ಲಿ ಅವರು ಎರಡನೆಯ ಮದುವೆಯಾದ ಮೇರಿಯಾನ್ ಪ್ಯಾಟರ್ಸನ್ ಅಮೆರಿಕದ ಕಥೋಲಿಕ ಮಹಿಳೆ. ತಮ್ಮ ಪ್ರಧಾನಿಯಾದಾಗ ಅಣ್ಣ ಹುದ್ದೆ ತೊರೆದರು.

ತಮ್ಮನಿಗೆ ಕಥೋಲಿಕರ ಮೇಲೆ ಒಲವಿರಲಿಲ್ಲ. ಆದರೆ ಹಕ್ಕು ಕೊಡದಿದ್ದರೆ ಐರ್ಲೆಂಡಿನಲ್ಲಿ ಅಂತರ್ಯುದ್ಧವಾದೀತೆಂದು ಆ ಹಳೆಯ ಸೈನಿಕನಿಗೆ ಮನವರಿಕೆಯಾಯಿತು. ವಿರೋಧಿಸಿದ ದೊರೆ ನಾಲ್ಕನೇ ಜಾರ್ಜ್‌ನ ಮುಂದೆ ರಾಜೀನಾಮೆಗೂ ಸಿದ್ಧರಾದರು. ಸ್ವಂತ ಪಕ್ಷದವರು ದ್ರೋಹಿ ಎಂದರು. ವಿಂಚಿಲ್ಸೀ ಪ್ರಭುವಿನೊಡನೆ ಪಿಸ್ತೂಲು ಹಿಡಿದು ದ್ವಂದ್ವಯುದ್ಧಕ್ಕೂ ನಿಂತರು. ಇಬ್ಬರಿಗೂ ಗಾಯವಾಗಲಿಲ್ಲ. 1829ರ ಏಪ್ರಿಲ್ 13ರಂದು ಕಥೋಲಿಕ ವಿಮೋಚನಾ ಕಾಯಿದೆಗೆ ದೊರೆಯ ಅಂಕಿತ ಬಿತ್ತು.

ಇದಕ್ಕೆ ಬೆಲೆ ತೆತ್ತವರು ಬಡವರು. ಐರ್ಲೆಂಡಿನಲ್ಲಿ ಮತದಾನಕ್ಕೆ ಬೇಕಾದ ಜಮೀನಿನ ವಾರ್ಷಿಕ ಮೌಲ್ಯವನ್ನು 40 ಶಿಲ್ಲಿಂಗ್‌ನಿಂದ 10 ಪೌಂಡಿಗೆ, ಅಂದರೆ ಐದು ಪಟ್ಟು ಏರಿಸಲಾಯಿತು. ಓ'ಕಾನೆಲ್‌ಗೆ ಮತ ಹಾಕಿದ್ದ ಸಣ್ಣ ರೈತರೇ ಮತ ಕಳೆದುಕೊಂಡರು.

ವೆಲ್ಲಿಂಗ್ಟನ್ 1852ರಲ್ಲಿ ತೀರಿಕೊಂಡರು. ಅವರನ್ನು ನಾವು ಕಥೋಲಿಕರ ಮಿತ್ರನೆಂದು ಹೊಗಳಬೇಕಿಲ್ಲ. ಸರಿಯಾದುದನ್ನು ಒಲ್ಲದ ಮನಸ್ಸಿನಿಂದಲೇ ಮಾಡಿದರೂ ಅದಕ್ಕಾಗಿ ತಮ್ಮವರ ನಿಂದೆ ಹೊತ್ತರು ಎಂಬುದನ್ನು ಒಪ್ಪೋಣ. ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದ್ದು ತಿಂಗಳಿಗೊಂದು ಪೆನ್ನಿ ಕೊಟ್ಟ ಹೆಸರಿಲ್ಲದ ಜನ. ಅವರ ಹೆಸರಿನ ಬೀದಿ ಎಲ್ಲೂ ಇಲ್ಲ. ಆದುದರಿಂದ ಅವರನ್ನು ನೆನೆಯುವ ಕೆಲಸ ನಮ್ಮದು.