ರಕ್ತದೊತ್ತಡ: ತೋಳಪಟ್ಟಿ ಹೇಳುವ ಅಂಕಿ ಎಷ್ಟು ನಿಜ?

ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, 150/90 ಎಂದು ವೈದ್ಯರು ಚೀಟಿಯಲ್ಲಿ ಬರೆದರೆ ಅದು ರಕ್ತದ ಒತ್ತಡವೆಂದೇ ಎಲ್ಲರೂ ನಂಬುತ್ತಾರೆ. ವಾಸ್ತವವಾಗಿ ಉಪಕರಣ ಅಳೆಯುವುದು ಪಟ್ಟಿಯೊಳಗಿನ ಗಾಳಿಯ ಒತ್ತಡವನ್ನು. ಆ ಗಾಳಿಗೂ ರಕ್ತಕ್ಕೂ ನಡುವೆ ಚರ್ಮ, ಕೊಬ್ಬು, ಸ್ನಾಯು ಹಾಗೂ ಅಪಧಮನಿಯ ಗೋಡೆ ಇವೆ.

ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯ ಅಪಧಮನಿಗೇ ನಳಿಗೆ ಜೋಡಿಸಿ, ರಕ್ತ ಎಂಟು ಅಡಿಗೂ ಮೇಲೇರಿದ್ದನ್ನು 1733ರಲ್ಲಿ ಪ್ರಕಟಿಸಿದ್ದರು. ರೋಗಿಗಳ ಮೇಲೆ ಇಂಥ ಪ್ರಯೋಗ ಸಲ್ಲದು. 1896ರಲ್ಲಿ ಇಟಲಿಯ ರಿವಾ-ರೊಚ್ಚಿ ತೋಳಪಟ್ಟಿಯನ್ನು ಬಳಕೆಗೆ ತಂದರು. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಪಟ್ಟಿಯ ಕೆಳಗೆ ಸ್ಟೆತೊಸ್ಕೋಪ್ ಇಟ್ಟು ಆಲಿಸಿದರು. ಗಾಳಿ ಇಳಿಸುತ್ತಾ ಬಂದಂತೆ, ಅದುಮಿಹೋಗಿದ್ದ ಅಪಧಮನಿಯೊಳಗೆ ರಕ್ತ ಚಿಮ್ಮಿ 'ಟಕ್ ಟಕ್' ಸದ್ದು ಆರಂಭವಾಗುವುದು ಮೇಲಿನ ಅಂಕಿ. ಸದ್ದು ಅಡಗುವುದು ಕೆಳಗಿನ ಅಂಕಿ.

ಈ ವಿಧಾನದ ಹಿಂದೆ ಒಂದು ಊಹೆ ಅಡಗಿದೆ. ಅಪಧಮನಿಯ ಗೋಡೆ ಮೆದುವಾಗಿದ್ದು, ಅದನ್ನು ಅದುಮಲು ಪ್ರತ್ಯೇಕ ಬಲ ಬೇಕಿಲ್ಲ ಎಂಬುದೇ ಆ ಊಹೆ. ಆರೋಗ್ಯವಂತರಲ್ಲಿ ಇದು ಬಹುಮಟ್ಟಿಗೆ ಸರಿ. ಆದರೆ ವಯಸ್ಸು, ಮಧುಮೇಹ, ಮೂತ್ರಪಿಂಡದ ಕಾಯಿಲೆಗಳಿಂದ ಗೋಡೆಯಲ್ಲಿ ಸುಣ್ಣದ ಅಂಶ ಸೇರಿ ಅದು ಕೊಳವೆಯಂತೆ ಬಿರುಸಾದರೆ, ಗೋಡೆಯನ್ನು ಬಗ್ಗಿಸಲು ತಗುಲಿದ ಬಲವೂ ರಕ್ತದ ಲೆಕ್ಕಕ್ಕೇ ಸೇರುತ್ತದೆ. ಇದನ್ನು 'ಹುಸಿ ರಕ್ತದೊತ್ತಡ' ಎನ್ನಬಹುದು. ಇಲ್ಲದ ಒತ್ತಡಕ್ಕೆ ಮಾತ್ರೆ ಏರಿಸಿದರೆ ಹಿರಿಯರು ಎದ್ದು ನಿಂತಾಗ ತಲೆಸುತ್ತಿ ಬೀಳುತ್ತಾರೆ. ಸೊಂಟದ ಮೂಳೆ ಮುರಿಯುವುದೂ ಉಂಟು. ವರ್ಷಗಟ್ಟಲೆ ಅಂಕಿ ಹೆಚ್ಚಿದ್ದರೂ ಹೃದಯ, ಕಣ್ಣು, ಮೂತ್ರಪಿಂಡಗಳಲ್ಲಿ ಹಾನಿಯ ಸುಳಿವಿಲ್ಲದಿದ್ದರೆ ವೈದ್ಯರು ಸಂಶಯಿಸಬೇಕು. ಪಟ್ಟಿ ಬಿಗಿದು ನಾಡಿ ನಿಂತ ಮೇಲೂ ಮಣಿಕಟ್ಟಿನ ಅಪಧಮನಿ ಬೆರಳಿಗೆ ಸಿಗುತ್ತದೆಯೇ ಎಂದು ನೋಡುವ ಆಸ್ಲರ್ ಪರೀಕ್ಷೆ ಇದೆಯಾದರೂ ಅದನ್ನು ಪೂರ್ತಿ ನೆಚ್ಚುವಂತಿಲ್ಲ. ಖಚಿತಪಡಿಸಲು ಅಪಧಮನಿಯೊಳಗೇ ನಳಿಗೆ ಇಳಿಸಬೇಕು.

ಹಾಗೆಂದು ಮಾತ್ರೆ ಬಿಡುವುದು ಅಪಾಯಕರ. ಬಿರುಸಾದ ಮಹಾಪಧಮನಿ ಹೃದಯದ ಹೊಡೆತವನ್ನು ತಾಳಿಕೊಳ್ಳಲಾರದೆ ಮೇಲಿನ ಅಂಕಿಯನ್ನು ನಿಜವಾಗಿಯೇ ಏರಿಸುತ್ತದೆ. ವೃದ್ಧರಲ್ಲಿ ಕಾಣುವ ಹೆಚ್ಚಿನ ಒತ್ತಡ ಬಹುಪಾಲು ಹುಸಿಯಲ್ಲ.

ಮನೆಗಳಲ್ಲಿರುವ ಡಿಜಿಟಲ್ ಯಂತ್ರಗಳು ಸಾಮಾನ್ಯವಾಗಿ ಸದ್ದನ್ನು ಆಲಿಸುವುದಿಲ್ಲ. ಪಟ್ಟಿಯೊಳಗಿನ ಗಾಳಿಯ ಸಣ್ಣ ಕಂಪನಗಳನ್ನು ಹಿಡಿದು, ಮೇಲಿನ ಮತ್ತು ಕೆಳಗಿನ ಅಂಕಿಗಳನ್ನು ತಯಾರಕರ ಸೂತ್ರದ ಪ್ರಕಾರ ಲೆಕ್ಕಹಾಕುತ್ತವೆ. ಆ ಸೂತ್ರ ಸಾಮಾನ್ಯವಾಗಿ ಕಂಪನಿಯ ಗುಟ್ಟು! ಹೃದಯದ ಬಡಿತ ಕ್ರಮ ತಪ್ಪಿದವರಲ್ಲಿ ಈ ಲೆಕ್ಕ ಎಡವುವ ಸಂಭವ ಹೆಚ್ಚು.

ನಿತ್ಯದ ತಪ್ಪುಗಳು ಮಾತ್ರ ಇದಕ್ಕಿಂತ ಸರಳ. ರಿವಾ-ರೊಚ್ಚಿಯವರ ಪಟ್ಟಿ ಕೇವಲ 5 ಸೆಂ.ಮೀ. ಅಗಲವಿದ್ದು ಅಂಕಿಯನ್ನು ಏರಿಸಿ ತೋರಿಸುತ್ತಿತ್ತು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಂದಿಗೂ ಅದೇ ಫಲ. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟನ್ನಾದರೂ ಆವರಿಸಬೇಕು. ತೋಳು ಹೃದಯದ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಅಂಕಿ 7ರಿಂದ 8 ಮಿ.ಮೀ.ನಷ್ಟು ಏರುತ್ತದೆ. ಯಂತ್ರ ಕೊಳ್ಳಲು ಹೊರಟವರು ದರ್ಜಿಯ ಟೇಪಿನಿಂದ ಮೊದಲು ತಮ್ಮ ತೋಳನ್ನು ಅಳೆದುಕೊಂಡು ಹೋಗುವುದು ಒಳ್ಳೆಯದು.