ಹಡಗಿನಲ್ಲಿ ಬಂದ ಗೋಧಿ, ಲಾರಿಯಲ್ಲಿ ಹೋದ ಗೋಧಿ

ಮನೆಯಲ್ಲಿ ಅರವತ್ತು ದಾಟಿದ ಅಜ್ಜನೋ ಅಜ್ಜಿಯೋ ಇದ್ದರೆ ಅವರ ಮುಂದೆ ‘ಕೇರ್ ಉಪ್ಪಿಟ್ಟು’ ಎಂದು ಹೇಳಿ ನೋಡಿ. ಕೆಲವರ ಮುಖ ಅರಳುತ್ತದೆ, ಕೆಲವರು ಮೂಗು ಮುರಿಯುತ್ತಾರೆ. ಸುಮ್ಮನಿರುವವರು ಕಡಿಮೆ. ಈಗ ಶಾಲೆಯಲ್ಲಿ ಬಿಸಿಯೂಟ ಉಣ್ಣುವ ಮಕ್ಕಳಿಗೆ ಆ ಉಪ್ಪಿಟ್ಟಿನ ಕಥೆ ಗೊತ್ತಿರಲಿಕ್ಕಿಲ್ಲ. ಅದು ಅಡುಗೆಮನೆಯ ಕಥೆಯಷ್ಟೇ ಅಲ್ಲ. ಅದರಲ್ಲಿ ಹಡಗುಗಳಿವೆ, ಇಬ್ಬರು ಪ್ರಧಾನಿಗಳಿದ್ದಾರೆ, ಒಂದು ಭಾರೀ ಚೆಕ್ ಇದೆ, ಕನ್ನಡ ಪುಸ್ತಕಗಳೂ ಇವೆ.

ಅರವತ್ತರ ದಶಕದ ಕೊನೆಯಲ್ಲಿ ಮೈಸೂರು ರಾಜ್ಯದ ಒಂದು ಹಳ್ಳಿ ಶಾಲೆಯಲ್ಲಿ ನಾನೂ ತಟ್ಟೆ ಹಿಡಿದು ಆ ಸಾಲಿನಲ್ಲಿ ನಿಂತವನು. (ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ.) ಹಳದಿ ಬಣ್ಣದ ಉಪ್ಪಿಟ್ಟು, ಒಮ್ಮೊಮ್ಮೆ ಪುಡಿ ಕದಡಿ ಕಾಯಿಸಿದ ಹಾಲು. ಹಾಲಿನಲ್ಲಿ ಗಂಟುಗಳಿರುತ್ತಿದ್ದವು, ಅವನ್ನು ಚಪ್ಪರಿಸುವುದೇ ನಮಗೆ ಖುಷಿ. ಸಾಮಾನು ಬರುತ್ತಿದ್ದ ಚೀಲದ ಮೇಲೆ ಒಂದನ್ನೊಂದು ಹಿಡಿದ ಎರಡು ಕೈಗಳ ಚಿತ್ರ. ಕೆಳಗಿದ್ದ ಇಂಗ್ಲಿಷ್ ಅಕ್ಷರಗಳನ್ನು ಮೇಷ್ಟ್ರು ಓದಿ ಹೇಳಿದ್ದರು: ಇದು ಅಮೆರಿಕದ ಜನರ ಕೊಡುಗೆ, ಮಾರುವಂತಿಲ್ಲ. ಚೀಲ ಖಾಲಿಯಾದ ಮೇಲೆ ಅದೇ ಬಟ್ಟೆಯಲ್ಲಿ ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಪಾಟಿಚೀಲ ಹೊಲಿದಿದ್ದರು.

‘ಕೇರ್’ ಎನ್ನುವುದು 1945ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸಂಸ್ಥೆ. ಎರಡನೇ ಮಹಾಯುದ್ಧ ಮುಗಿದಾಗ ಯುರೋಪಿನಲ್ಲಿ ಹೊಲಗಳು ಹಾಳಾಗಿದ್ದವು, ಅಂಗಡಿಗಳು ಬರಿದಾಗಿದ್ದವು. ಅಲ್ಲಿನ ಜನರಿಗೆ ಆಹಾರದ ಪೆಟ್ಟಿಗೆ ಕಳಿಸಲೆಂದೇ ಈ ಸಂಸ್ಥೆ ಶುರುವಾಯಿತು. ಮೊದಲ ಪೆಟ್ಟಿಗೆಗಳು 1946ರ ಮೇ ತಿಂಗಳಲ್ಲಿ ಫ್ರಾನ್ಸಿನ ಒಂದು ಬಂದರಿಗೆ ಬಂದವು. ಇವತ್ತು ಸಿರಿವಂತವಾಗಿರುವ ಫ್ರಾನ್ಸ್, ಜರ್ಮನಿಯ ಮಕ್ಕಳೂ ಒಂದು ಕಾಲಕ್ಕೆ ಬೇರೆ ದೇಶದ ಅನ್ನಕ್ಕೆ ಕಾದವರೇ ಎಂಬುದನ್ನು ನಾವು ಮರೆತುಬಿಡುತ್ತೇವೆ.

ನಮ್ಮ ದೇಶಕ್ಕೆ ಬಂದದ್ದು ಬರೀ ಶಾಲೆಯ ಉಪ್ಪಿಟ್ಟಿನ ಸಾಮಾನಲ್ಲ. ಐವತ್ತರ ದಶಕದಲ್ಲಿ ಅಮೆರಿಕದ ರೈತರು ಬೆಳೆದ ಗೋಧಿ ಮಾರಿ ಮುಗಿಯದಷ್ಟಿತ್ತು. ಕಣಜಗಳು ತುಂಬಿ ತುಳುಕುತ್ತಿದ್ದವು. ಆಗ ಅಧ್ಯಕ್ಷ ಐಸೆನ್‌ಹೋವರ್ 1954ರಲ್ಲಿ ಒಂದು ಕಾಯಿದೆಗೆ ಸಹಿ ಹಾಕಿದರು. ಅದೇ ‘ಪಿ.ಎಲ್. 480’. ಮಿಗುವ ಧಾನ್ಯವನ್ನು ಕೊರತೆಯಿರುವ ದೇಶಗಳಿಗೆ ಕೊಡುವುದು, ಡಾಲರ್ ಇಲ್ಲದವರಿಂದ ಅವರದೇ ದೇಶದ ಹಣ ತೆಗೆದುಕೊಳ್ಳುವುದು ಅದರ ಏರ್ಪಾಟು. ಹಸಿದವರಿಗೂ ಅನುಕೂಲ, ಅಮೆರಿಕದ ರೈತನಿಗೂ ಅನುಕೂಲ. 1956ರಲ್ಲಿ ಭಾರತವೂ ಒಪ್ಪಂದ ಮಾಡಿಕೊಂಡಿತು.

1965ರಲ್ಲಿ ಮಳೆ ಕೈಕೊಟ್ಟಿತು. ಅದರ ಹಿಂದಿನ ವರ್ಷ ದೇಶದಲ್ಲಿ ಸುಮಾರು 8.9 ಕೋಟಿ ಟನ್ ಆಹಾರಧಾನ್ಯ ಬೆಳೆದಿತ್ತು. ಈ ವರ್ಷ ಅದು ಸುಮಾರು 7.2 ಕೋಟಿಗೆ ಇಳಿಯಿತು. ಅದೇ ವರ್ಷ ಪಾಕಿಸ್ತಾನದ ಜೊತೆ ಯುದ್ಧ. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಸೋಮವಾರ ಒಂದು ಹೊತ್ತಿನ ಊಟ ಬಿಡಿ ಎಂದು ದೇಶವನ್ನೇ ಕೇಳಿಕೊಂಡರು. ಮೊದಲು ತಮ್ಮ ಮನೆಯಲ್ಲೇ ಅದನ್ನು ಮಾಡಿ ನೋಡಿದರು ಎನ್ನುತ್ತಾರೆ. ಸೋಮವಾರ ಸಂಜೆ ಹೋಟೆಲುಗಳು ಬಾಗಿಲು ಹಾಕುತ್ತಿದ್ದವು. ಆಗ ಶುರುವಾದ ಸೋಮವಾರದ ಒಪ್ಪತ್ತನ್ನು ಎಷ್ಟೋ ವರ್ಷ ಬಿಡದೆ ನಡೆಸಿದ ಹಿರಿಯರನ್ನು ನಾನೇ ಕಂಡಿದ್ದೇನೆ.

1966ರಲ್ಲೂ ಮಳೆ ಇಲ್ಲ. ಬಿಹಾರದಲ್ಲಿ ಬರ ಭೀಕರವಾಯಿತು. ಆ ಒಂದೇ ವರ್ಷ ನಾವು ಹೊರದೇಶಗಳಿಂದ ತರಿಸಿದ ಧಾನ್ಯ ಸುಮಾರು ಒಂದು ಕೋಟಿ ಟನ್, ಅದರಲ್ಲಿ ಹೆಚ್ಚಿನ ಪಾಲು ಅಮೆರಿಕದ್ದು. ಒಂದು ಲಾರಿಗೆ ಹತ್ತು ಟನ್ ಎಂದು ಲೆಕ್ಕ ಹಾಕಿ: ಹತ್ತು ಲಕ್ಷ ಲಾರಿ! ಬಂದರಿನಲ್ಲಿ ಇಳಿದ ಗೋಧಿ ಗೋದಾಮಿನಲ್ಲಿ ಕೂರುವಷ್ಟು ಪುರಸೊತ್ತಿರಲಿಲ್ಲ, ನೇರ ಪಡಿತರ ಅಂಗಡಿಗೆ, ಅಲ್ಲಿಂದ ಬಾಯಿಗೆ. ಹಡಗು ಒಂದು ವಾರ ತಡವಾದರೆ ಎಲ್ಲೋ ಒಂದು ಊರಿನಲ್ಲಿ ಒಲೆ ಉರಿಯುವುದಿಲ್ಲ ಎನ್ನುವಂಥ ಪರಿಸ್ಥಿತಿ.

ಆ ಹಡಗುಗಳು ತಾವಾಗಿಯೇ ಬರುತ್ತಿರಲಿಲ್ಲ. ಆಗಿನ ಅಮೆರಿಕ ಅಧ್ಯಕ್ಷ ಲಿಂಡನ್ ಜಾನ್ಸನ್ ವರ್ಷಕ್ಕೆ ಬೇಕಾದಷ್ಟನ್ನು ಒಟ್ಟಿಗೆ ಮಂಜೂರು ಮಾಡದೆ ಸ್ವಲ್ಪ ಸ್ವಲ್ಪವಾಗಿ, ತಾವೇ ನೋಡಿ ಬಿಡುತ್ತಿದ್ದರು. ಭಾರತ ತನ್ನ ಬೇಸಾಯವನ್ನು ಬೇಗ ಸುಧಾರಿಸಲಿ ಎಂಬುದು ಅವರು ಹೇಳಿದ ಕಾರಣ. ಅದರಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ್ದು ಅವರಿಗೆ ಹಿಡಿಸಿರಲಿಲ್ಲ ಎಂಬುದೂ ಗುಟ್ಟಿನ ಮಾತಲ್ಲ. ಹಗ್ಗದ ಒಂದು ತುದಿ ಅವರ ಕೈಯಲ್ಲಿತ್ತು, ಗೋಧಿಯ ಚೀಲ ಇನ್ನೊಂದು ತುದಿಯಲ್ಲಿತ್ತು. ಶಾಸ್ತ್ರಿಯವರ ನಂತರ ಪ್ರಧಾನಿಯಾದ ಇಂದಿರಾ ಗಾಂಧಿಯವರಿಗೆ ಈ ಕಾಯುವಿಕೆ ಅವಮಾನವೆನಿಸಿತ್ತು. ಆ ಗೋಧಿ ಲಕ್ಷಾಂತರ ಜೀವ ಉಳಿಸಿತು ಎಂಬುದೂ ನಿಜ, ಅದಕ್ಕಾಗಿ ತಲೆ ತಗ್ಗಿಸಬೇಕಾಯಿತು ಎಂಬುದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ.

ಇಲ್ಲಿ ನಮ್ಮ ಮೈಸೂರಿನ ಪಾಲೂ ಒಂದಿದೆ. ಚೆಲುವಾಂಬ ಅರಮನೆಯಲ್ಲಿರುವ ಆಹಾರ ಸಂಶೋಧನಾಲಯ, ಅಂದರೆ ಸಿ.ಎಫ್.ಟಿ.ಆರ್.ಐ., ನೋಡಿದ್ದೀರಲ್ಲ? ಎಣ್ಣೆ ತೆಗೆದ ಮೇಲೆ ಉಳಿಯುವ ಕಡಲೆಕಾಯಿ ಹಿಂಡಿಯನ್ನು ನಾವು ದನಕ್ಕೆ ಹಾಕುತ್ತಿದ್ದೆವು. ಅದರಲ್ಲೇ ಮಕ್ಕಳ ಮೈ ಬೆಳೆಸುವ ಪ್ರೋಟೀನ್ ತುಂಬಿದೆ, ಶುದ್ಧವಾಗಿ ತಯಾರಿಸಿದರೆ ಮನುಷ್ಯರೂ ತಿನ್ನಬಹುದು ಎಂದು ಅಲ್ಲಿನ ವಿಜ್ಞಾನಿಗಳು ತೋರಿಸಿದರು. ಗೋಧಿಗೆ ಕಡಲೆಕಾಯಿ ಹಿಟ್ಟು, ವಿಟಮಿನ್, ಖನಿಜಾಂಶ ಸೇರಿಸಿ ‘ಬಾಲಾಹಾರ’ ಎಂಬ ಪುಡಿ ಸಿದ್ಧವಾಯಿತು. ಬಿಹಾರದ ಬರದಲ್ಲಿ ಮಕ್ಕಳ ತಟ್ಟೆಗೆ ಅದು ಹೋಯಿತು. ಹಿಂಡಿ ನಮ್ಮದು, ಬುದ್ಧಿಯೂ ನಮ್ಮದು!

ಗೋಧಿಗೆ ಕೊಟ್ಟ ರೂಪಾಯಿ ಏನಾಯಿತು ಎಂದು ಕೇಳುವ ಜಾಣರಿಗೆ ಒಂದು ಸ್ವಾರಸ್ಯ. ಆ ಹಣ ಅಮೆರಿಕಕ್ಕೆ ಹೋಗಲಿಲ್ಲ. ಇಲ್ಲೇ ಅವರ ಖಾತೆಯಲ್ಲಿ ಬೆಳೆಯುತ್ತ ಕೂತಿತ್ತು. ಅದರಲ್ಲಿ ಸ್ವಲ್ಪ ಹಣದಿಂದ 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಭಾರತದಲ್ಲಿ ಪುಸ್ತಕ ಕೊಳ್ಳತೊಡಗಿತು. ಹಿಂದಿ, ತಮಿಳು, ಬಂಗಾಳಿಯ ಜೊತೆ ಕನ್ನಡವೂ ಇತ್ತು. ಗೋಧಿ ಈ ಕಡೆ ಬಂತು, ಕಾದಂಬರಿ, ಕವನ ಸಂಕಲನಗಳು ಆ ಕಡೆ ಹೋದವು. ಅಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಹಳೆಯ ಕನ್ನಡ ಪುಸ್ತಕಗಳು ಸಿಗುವುದಕ್ಕೆ ಇದೂ ಒಂದು ಕಾರಣ. ಇಷ್ಟಾದ ಮೇಲೂ ಹಣ ಮಿಕ್ಕೇ ಮಿಕ್ಕಿತು. 1974ರ ಫೆಬ್ರುವರಿಯಲ್ಲಿ ಅಮೆರಿಕದ ರಾಯಭಾರಿ ಡೇನಿಯಲ್ ಮೊಯ್ನಿಹನ್ 1,664 ಕೋಟಿ ರೂಪಾಯಿಯ ಒಂದು ಚೆಕ್ಕನ್ನು ಭಾರತ ಸರ್ಕಾರಕ್ಕೆ ಮರಳಿಸಿದರು. ಅದು ಗಿನ್ನೆಸ್ ದಾಖಲೆಯ ಪುಸ್ತಕಕ್ಕೂ ಸೇರಿತು. ಮಕ್ಕಳೇ, 1,664 ಕೋಟಿಯನ್ನು ಅಂಕಿಯಲ್ಲಿ ಬರೆದು ನೋಡಿ, ಎಷ್ಟು ಸೊನ್ನೆ ಬರುತ್ತವೆ?

ಗೋಧಿಯ ಜೊತೆ ಬೇಡದ್ದೂ ಬಂತು ಎಂಬ ಮಾತಿದೆ. ರಸ್ತೆಬದಿಯ ಪಾರ್ಥೇನಿಯಂ ಕಳೆಯ ಬೀಜ ಆ ಚೀಲಗಳಲ್ಲೇ ಬಂದದ್ದು ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಸಸ್ಯಶಾಸ್ತ್ರ ಓದಿದವರೆಲ್ಲ ಇದನ್ನು ಒಪ್ಪುವುದಿಲ್ಲ, ಆ ಗಿಡ ಅದಕ್ಕೂ ಮುಂಚೆಯೇ ಇಲ್ಲಿತ್ತು ಎನ್ನುವವರಿದ್ದಾರೆ. ಪಾರ್ಥೇನಿಯಂ ಮುಟ್ಟಿ ಮೈ ತುರಿಸಿಕೊಂಡವರಿಗೆ ಈ ವಾದದಿಂದ ಏನೂ ಪ್ರಯೋಜನವಿಲ್ಲ ಬಿಡಿ.

ಹೆಚ್ಚು ಗಂಭೀರವಾದ ದೂರು ಬೇರೆ. ಹೊರಗಿನ ಗೋಧಿ ಅಗ್ಗಕ್ಕೆ ಸಿಗುವಾಗ ನಮ್ಮ ರೈತನ ಗೋಧಿಗೆ ಒಳ್ಳೆಯ ಬೆಲೆ ಎಲ್ಲಿಂದ ಬರಬೇಕು? ಬೆಲೆ ಇಲ್ಲದಿದ್ದರೆ ಅವನು ಹೆಚ್ಚು ಬೆಳೆಯುವುದಾದರೂ ಯಾಕೆ? ಆಗಿನ ಕೃಷಿ ಮಂತ್ರಿ ಸಿ. ಸುಬ್ರಹ್ಮಣ್ಯಂ ಈ ಗಂಟನ್ನು ಬಿಚ್ಚಲು ಹೊರಟರು. ರೈತನಿಂದ ನಿಗದಿತ ಬೆಲೆಗೆ ಕೊಳ್ಳಲು 1965ರಲ್ಲಿ ಆಹಾರ ನಿಗಮ ಕೆಲಸ ಶುರುಮಾಡಿತು. ಎಂ.ಎಸ್. ಸ್ವಾಮಿನಾಥನ್ ಮತ್ತು ಅಮೆರಿಕದ ನಾರ್ಮನ್ ಬೋರ್ಲಾಗ್ ಅವರ ಮಾತು ನಂಬಿ 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ತಳಿಯ ಬಿತ್ತನೆ ಗೋಧಿ ತರಿಸಿದರು. ಈ ಹಡಗಿನಲ್ಲಿ ಬಂದದ್ದು ತಿನ್ನುವ ಗೋಧಿಯಲ್ಲ, ಬಿತ್ತುವ ಗೋಧಿ. 1968ರ ಸುಗ್ಗಿಯಲ್ಲಿ ಗೋಧಿಯ ಇಳುವರಿ ಹಿಂದಿನ ದಾಖಲೆಯಾದ ಸುಮಾರು 1.2 ಕೋಟಿ ಟನ್‌ನಿಂದ 1.65 ಕೋಟಿ ಟನ್‌ಗೆ ನೆಗೆಯಿತು. ಉತ್ತರದ ಕೆಲವು ಕಡೆ ಇಡಲು ಜಾಗವಿಲ್ಲದೆ ಶಾಲೆಗಳಿಗೆ ರಜೆ ಕೊಟ್ಟು ಕೊಠಡಿಯಲ್ಲಿ ಗೋಧಿ ತುಂಬಿದರು. ಅಂಥ ರಜೆ ಯಾರಿಗೆ ಬೇಡ?

ನಮ್ಮ ಕಡೆಯ ಮುದ್ದೆಯ ಊರುಗಳಿಗೆ ಗೋಧಿಗಿಂತ ರಾಗಿಯದೇ ಚಿಂತೆ. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ಭಾರತದ ರಾಗಿಗೆ ಆಫ್ರಿಕಾದ ರಾಗಿ ಬೆರೆಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಹೆಸರಿನಲ್ಲೇ ಎರಡೂ ನಾಡುಗಳಿವೆ, ನೋಡಿ. ಇದಕ್ಕೆ ಗೋಧಿಯಷ್ಟು ಪ್ರಚಾರ ಸಿಗಲಿಲ್ಲ, ಸಿಗಬೇಕಿತ್ತು.

ಎಪ್ಪತ್ತರ ದಶಕ ಕಾಲಿಡುವ ಹೊತ್ತಿಗೆ ಪಿ.ಎಲ್. 480ರ ಹಡಗುಗಳು ನಿಂತವು. ಶಾಲೆಯ ಉಪ್ಪಿಟ್ಟು ಮಾತ್ರ ಇನ್ನೂ ಬಹಳ ವರ್ಷ ನಡೆಯಿತು. ಮುಂದೆ 2002ರಲ್ಲಿ ನಮ್ಮ ರಾಜ್ಯದಲ್ಲಿ ‘ಅಕ್ಷರ ದಾಸೋಹ’ ಶುರುವಾದಾಗ ಅಕ್ಕಿ, ಬೇಳೆ ನಮ್ಮದೇ ಆಗಿದ್ದವು. ಅದೇ ಹೊತ್ತಿಗೆ ಇನ್ನೊಂದು ಸಂಗತಿ ನಡೆಯಿತು. ಯುದ್ಧದಲ್ಲಿ ನಲುಗಿದ್ದ ಅಫ್ಘಾನಿಸ್ತಾನಕ್ಕೆ ಭಾರತ ಹತ್ತು ಲಕ್ಷ ಟನ್ ಗೋಧಿ ಕೊಡುವುದಾಗಿ ಹೇಳಿತು. ಅದರಲ್ಲಿ ಒಂದು ಭಾಗ ಪೌಷ್ಟಿಕ ಬಿಸ್ಕತ್ತಾಗಿ ಅಲ್ಲಿನ ಶಾಲೆಗಳಿಗೆ ಹೋಯಿತು. ಮಗುವಿಗೆ ದಿನಕ್ಕೆ 100 ಗ್ರಾಂ. ಒಂದು ಕಾಲಕ್ಕೆ ಅಮೆರಿಕದ ಹಾಲು ಕುಡಿದು ಪಾಠ ಕೇಳಿದವರ ದೇಶದ ಬಿಸ್ಕತ್ತು ತಿಂದು ಕಾಬೂಲಿನ ಮಕ್ಕಳು ಪಾಠ ಕೇಳಿದರು.

ಆ ಬಿಸ್ಕತ್ತನ್ನು ಹಂಚಿದ್ದು ವಿಶ್ವ ಆಹಾರ ಕಾರ್ಯಕ್ರಮ. 1961ರಲ್ಲಿ ಹುಟ್ಟಿದ ವಿಶ್ವಸಂಸ್ಥೆಯ ಈ ಅಂಗದ ಮುಖ್ಯ ಕಚೇರಿ ರೋಮ್ ನಗರದಲ್ಲಿದೆ. 2020ರ ನೊಬೆಲ್ ಶಾಂತಿ ಪ್ರಶಸ್ತಿ ಇದಕ್ಕೇ ಬಂದದ್ದು. ಹಸಿವಿಗೂ ಶಾಂತಿಗೂ ನಂಟಿದೆ ಎಂದು ಆ ಪ್ರಶಸ್ತಿ ಸಮಿತಿಯವರು ಎತ್ತಿ ಹೇಳಿದರು. ಲಾರಿ ಹೋಗುವ ಕಡೆ ಲಾರಿ, ರಸ್ತೆ ಕೊಚ್ಚಿಹೋದ ಕಡೆ ವಿಮಾನದಿಂದ ಚೀಲ ಎಸೆಯುವುದು, ಹತ್ತಿರದ ಸಂತೆಯಲ್ಲೇ ಧಾನ್ಯ ಸಿಗುವುದಾದರೆ ಜನರ ಕೈಗೆ ಹಣ ಕೊಡುವುದು. ಈ ಕೊನೆಯ ದಾರಿ ಒಳ್ಳೆಯದು, ಅಲ್ಲಿನ ರೈತನ ಬೆಳೆಗೂ ಬೆಲೆ ಬರುತ್ತದೆ. 2022ರ ಫೆಬ್ರುವರಿಯಲ್ಲಿ ಅಟ್ಟಾರಿ ಗಡಿಯಿಂದ 50 ಲಾರಿಗಳು 2,500 ಟನ್ ಭಾರತದ ಗೋಧಿ ಹೊತ್ತು ಪಾಕಿಸ್ತಾನದ ಮೂಲಕ ಜಲಾಲಾಬಾದಿಗೆ ಹೊರಟವು. ಮಾತು ಬಿಟ್ಟ ಎರಡು ನೆರೆಮನೆಗಳು ಆ ಲಾರಿಗಳಿಗೆ ಮಾತ್ರ ಗೇಟು ತೆರೆದವು.

ವಿಶ್ವಸಂಸ್ಥೆಯ ಅಂದಾಜಿನಂತೆ 2024ರಲ್ಲೂ ಜಗತ್ತಿನಲ್ಲಿ ಸುಮಾರು 67 ಕೋಟಿ ಜನ ಹೊಟ್ಟೆತುಂಬ ಊಟವಿಲ್ಲದೆ ಇದ್ದರು. ಧಾನ್ಯವೇ ಇಲ್ಲವೆಂದಲ್ಲ. ಎಲ್ಲರಿಗೂ ಸಾಲುವಷ್ಟು ಬೆಳೆಯುತ್ತದೆ. ಸುಡಾನಿನಲ್ಲಿ, ಗಾಜಾದಲ್ಲಿ ಯುದ್ಧ ಅದನ್ನು ಬಾಯಿಗೆ ತಲುಪಲು ಬಿಡಲಿಲ್ಲ. ಬೇರೆ ಕಡೆ ಕೊಳ್ಳಲು ಕಾಸಿಲ್ಲ.

ನನ್ನ ಮೊಮ್ಮಗಳು ಕಳೆದ ವರ್ಷ ಒಂದು ಸುದ್ದಿ ಓದಿ ನನ್ನ ಹತ್ತಿರ ಬಂದಳು. ಆ ಎರಡು ಕೈಗಳ ಚಿತ್ರವನ್ನು ಚೀಲದ ಮೇಲೆ ಹಾಕುತ್ತಿದ್ದ ಅಮೆರಿಕದ ನೆರವು ಇಲಾಖೆಯನ್ನು 2025ರ ಜುಲೈ 1ಕ್ಕೆ ಮುಚ್ಚಿದರು. ಆ ಗಡಿಬಿಡಿಯಲ್ಲಿ ದುಬೈಯ ಗೋದಾಮಿನಲ್ಲಿದ್ದ ಪೌಷ್ಟಿಕ ಬಿಸ್ಕತ್ತು ಅವಧಿ ಮುಗಿಯುವವರೆಗೆ ಅಲ್ಲೇ ಉಳಿಯಿತು. ಸುಮಾರು 500 ಟನ್. ಅಫ್ಘಾನಿಸ್ತಾನ, ಪಾಕಿಸ್ತಾನದ ಮಕ್ಕಳಿಗೆಂದು ಇಟ್ಟದ್ದು.

“ತಾತ, ಲಾರಿ ಇರಲಿಲ್ವಾ?” ಎಂದಳು.

“ಇತ್ತಮ್ಮ.”

“ಮತ್ತೆ ಹಡಗು?”

“ಅದೂ ಇತ್ತು. ಹಂಚಿ ಅಂತ ಹೇಳಬೇಕಾದವರು ಸಮಯಕ್ಕೆ ಹೇಳಲಿಲ್ಲ.”

ಅದೇ ಗೋದಾಮಿನಲ್ಲಿದ್ದ ಇನ್ನೂ 600 ಟನ್‌ನಷ್ಟು ಬಿಸ್ಕತ್ತನ್ನು ಕೊನೆಯ ಗಳಿಗೆಯಲ್ಲಿ ಸಿರಿಯಾ, ಬಾಂಗ್ಲಾದೇಶ ಮತ್ತು ಮ್ಯಾನ್ಮಾರ್‌ಗೆ ಸಾಗಿಸಿದರು.