ಹಿನ್ನೀರಿನ ಊರುಗಳಿಗೆ ಮಕ್ಕಳ ಲಸಿಕೆ

ಮಕ್ಕಳಿಗೆ ಉಚಿತವಾಗಿ ಲಸಿಕೆ ಹಾಕುವ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ದೇಶದಲ್ಲಿ 1985ರಲ್ಲಿ ಶುರುವಾಯಿತು. ಹುಟ್ಟಿದ ಕೂಡಲೇ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ. 6, 10 ಮತ್ತು 14ನೇ ವಾರಗಳಲ್ಲಿ ಪೆಂಟಾವೇಲೆಂಟ್ ಮತ್ತು ಅದರ ಜೊತೆಯವು. 9 ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ. ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಈ ಪಟ್ಟಿ ಪಾಲಿಸುವುದಕ್ಕೆ ದೊಡ್ಡ ತೊಡಕು ದಾರಿಯದು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿ ಕಣಿವೆಯ ಎಷ್ಟೋ ಊರು ಮುಳುಗಿದವು. ಮುಳುಗದೆ ಉಳಿದ ತುಮರಿ, ಬ್ಯಾಕೋಡು ಕಡೆಯವರು ಸಾಗರ ಪೇಟೆಗೆ ಬರಲು ಲಾಂಚ್ ಕಾಯಬೇಕಾಯಿತು. ಇಲ್ಲವೇ ಜೋಗದ ಕಡೆಯಿಂದ ಸುತ್ತಬೇಕಿತ್ತು. ಬೇಸಿಗೆಯಲ್ಲಿ ನೀರು ತಗ್ಗಿದರೆ ಲಾಂಚಿಗೆ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ.

ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇಡಬೇಕು. ನಾಡಿಗೆಲ್ಲ ವಿದ್ಯುತ್ ಕೊಟ್ಟ ಈ ಕಣಿವೆಯಲ್ಲಿ ಮಳೆಗಾಲಕ್ಕೆ ಕರೆಂಟು ಹೋಗುವುದು ಮಾಮೂಲು. ಅದಕ್ಕೆಂದೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಐಎಲ್ಆರ್ ಎಂಬ ವಿಶೇಷ ಫ್ರಿಜ್ ಇರುತ್ತದೆ. ದಿನಕ್ಕೆ 8 ಗಂಟೆ ಕರೆಂಟು ಸಿಕ್ಕರೂ ಅದು ತಂಪು ಹಿಡಿದಿಡುತ್ತದೆ. ಅಲ್ಲಿಂದ ಹಳ್ಳಿಗೆ ಲಸಿಕೆ ಹೋಗುವುದು ಕ್ಯಾರಿಯರ್ ಪೆಟ್ಟಿಗೆಯಲ್ಲಿ, ನಾಲ್ಕು ಐಸ್ ಪ್ಯಾಕ್‌ಗಳ ನಡುವೆ. ಫ್ರೀಜರಿನಿಂದ ತೆಗೆದ ಪ್ಯಾಕನ್ನು ಹಾಗೆಯೇ ಇಡುವಂತಿಲ್ಲ. ಹೊರಗಿಟ್ಟು, ಕಿವಿಯ ಹತ್ತಿರ ಅಲುಗಾಡಿಸಿ, ಒಳಗೆ ನೀರು ಕುಲುಕುವ ಸದ್ದು ಕೇಳಿದ ಮೇಲೆ ಇಡಬೇಕು. ಪೆಂಟಾವೇಲೆಂಟ್ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ ಲೆಕ್ಕ. ಬಿಸಿಗೆ ಕೆಟ್ಟಿದ್ದನ್ನು ಸೀಸೆಯ ಮೇಲಿನ ಪುಟ್ಟ ಚೌಕ ಬಣ್ಣ ಬದಲಿಸಿ ತೋರಿಸುತ್ತದೆ. ಚಳಿಗೆ ಕೆಟ್ಟಿದ್ದನ್ನು ತೋರಿಸದು.

ದಡಾರ-ರುಬೆಲ್ಲಾ ಮತ್ತು ಬಿಸಿಜಿ ಸೀಸೆಗಳಿಗೆ ಒಮ್ಮೆ ದ್ರಾವಕ ಬೆರೆಸಿದರೆ 4 ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಬೇಕು. ಗುಡ್ಡಕ್ಕೊಂದು, ತೋಟಕ್ಕೊಂದು ಮನೆಯಿರುವ ಮಲೆನಾಡಿನಲ್ಲಿ ಲಸಿಕೆ ದಿನ ಎರಡೇ ಮಕ್ಕಳು ಬರಬಹುದು. ಒಂದೇ ಮಗು ಬಂದರೂ ಸೀಸೆ ತೆರೆಯಬೇಕೆಂಬುದು ನಿಯಮ. ಪೋಲಾಗುತ್ತದೆಂದು ತಾಯಿಯನ್ನು ವಾಪಸು ಕಳಿಸಿದರೆ, ಅರ್ಧ ದಿನದ ಕೂಲಿ ಬಿಟ್ಟು ಬಂದವಳು ಮತ್ತೆ ಬರುತ್ತಾಳೆಂಬ ಖಾತ್ರಿಯಿಲ್ಲ. ಸೀಸೆಯ ಉಳಿತಾಯ ಇಲ್ಲಿ ಸುಳ್ಳು ಉಳಿತಾಯ.

ಯಾವ ಮಗುವಿಗೆ ಯಾವ ಚುಚ್ಚುಮದ್ದು ಬಾಕಿ ಎಂಬ ಪಟ್ಟಿ ಆಶಾ ಕಾರ್ಯಕರ್ತೆಯ ಕೈಯಲ್ಲಿರುತ್ತದೆ. ಪಟ್ಟಿ ತಪ್ಪುವುದು ಹೆಚ್ಚಾಗಿ ಬಾಣಂತನದಲ್ಲಿ. ಹೆರಿಗೆ ಪೇಟೆಯ ಆಸ್ಪತ್ರೆಯಲ್ಲಿ, ಮೊದಲ ತಿಂಗಳುಗಳು ತವರಿನಲ್ಲಿ, ಆಮೇಲೆ ಗಂಡನ ಮನೆ. ಎರಡೂ ಊರಿನವರು ಮಗು ಇನ್ನೊಂದು ಕಡೆ ಇದೆ ಎಂದುಕೊಂಡರೆ 10ನೇ ವಾರದ ಲಸಿಕೆ ಜಾರುತ್ತದೆ. ಕೂಲಿಗೆ ಊರೂರು ಅಲೆಯುವವರ ಮಕ್ಕಳ ಹೆಸರು ಯಾವ ಪಟ್ಟಿಗೂ ಸೇರದೆ ಹೋಗಬಹುದು. ಹೀಗೆ ಬಿಟ್ಟುಹೋದವರನ್ನು ಹುಡುಕಲೆಂದೇ 2014ರ ಡಿಸೆಂಬರಿನಲ್ಲಿ ಇಂದ್ರಧನುಷ್ ಅಭಿಯಾನ ಬಂತು. ಈಗಿನ ಯು-ವಿನ್ ಎಂಬ ಆನ್‌ಲೈನ್ ದಾಖಲೆಯಿಂದ ಮಗು ಎಲ್ಲಿದ್ದರೂ ಬಾಕಿ ಲಸಿಕೆ ಗೊತ್ತಾಗುತ್ತದೆ. ನೆಟ್‌ವರ್ಕ್ ಸಿಗದ ಕಡೆ ತಾಯಿ ಕಾರ್ಡೇ ಆಧಾರ. ತವರಿಗೆ ಹೊರಟಾಗ ಅದೂ ಬಟ್ಟೆಯ ಗಂಟಿನಲ್ಲಿರಬೇಕು.

ತಡವಾದರೆ ಮೊದಲಿಂದ ಶುರುಮಾಡಬೇಕಿಲ್ಲ; ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಹೆಚ್ಚು ಮರೆತುಹೋಗುವುದು 16ರಿಂದ 24 ತಿಂಗಳ ನಡುವಿನ ಸರದಿ, ಅಂದರೆ ದಡಾರ-ರುಬೆಲ್ಲಾದ ಎರಡನೇ ಡೋಸ್ ಮತ್ತು ಡಿಪಿಟಿ ಬೂಸ್ಟರ್. ಆ ಹೊತ್ತಿಗೆ ಮಗು ಓಡಾಡುತ್ತಿರುತ್ತದೆ, ಮನೆಯವರಿಗೆ ಆಸ್ಪತ್ರೆಯ ನೆನಪಿರುವುದಿಲ್ಲ. ಅಂಗನವಾಡಿಗೆ ಸೇರಿಸುವಾಗ ಕಾರ್ಡು ನೋಡುವ ರೂಢಿಯಿದ್ದರೆ ಈ ಬಾಕಿ ಅಲ್ಲೇ ಸಿಕ್ಕಿಬೀಳುತ್ತದೆ.